ಅಲುಗಾಡದ ಬೆಳ್ಳಕ್ಕಿ

ಯಾದಗಿರಿಯ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ರಿಪೇರಿ ಕಲಿಯುತ್ತಿರುವ ನಾಲ್ಕು ಜನ ಹುಡುಗಿಯರು ಮಳೆಗಾಲಕ್ಕೆ ಮುಂಚೆ ಶಹಾಪುರದ ನನ್ನ ಮನೆಗೆ ಬಂದಿದ್ದರು. "ನಿಮ್ಮ ಅನುಭವ ಬರೀರಿ ಮೇಡಂ, ನಮಗ ಉಪಯೋಗ ಆಗ್ತದ" ಎಂದರು. ಅವರಲ್ಲೊಬ್ಬಳು ನೇರವಾಗಿ ಕೇಳಿದಳು: "ಗೇಮಿಂಗ್ ಲ್ಯಾಪ್‌ಟಾಪಿನ್ಯಾಗ ಗ್ರಾಫಿಕ್ಸ್ ಡ್ರೈವರ್ ಕೈ ಕೊಟ್ರ ಮೊದಲ ಏನ್ ಮಾಡ್ಬೇಕ್ರಿ?"

"ಹೆದರಬೇಕು" ಎಂದೆ.

ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಓದಿ ಬಂದು ಮೊದಲು ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸಿದೆ. 'ಅಕ್ಕಾರ' ಎಂದು ಜನ ಕರೆಯತೊಡಗಿದ್ದು ಅಲ್ಲಿಂದ. ಶಾಲೆ ಬಿಟ್ಟರೂ ಆ ಹೆಸರು ಬಿಡಲಿಲ್ಲ. ಆಮೇಲೆ ನಿವೃತ್ತಿಯವರೆಗೆ ಶಹಾಪುರ, ಸುರಪುರ, ಹುಣಸಗಿ ಕಡೆಯ ಕಚೇರಿಗಳ ಯಂತ್ರ ನೋಡಿಕೊಳ್ಳುವ ಸಣ್ಣ ಸಂಸ್ಥೆಯೊಂದರಲ್ಲಿ ದುಡಿದೆ. ದಿನಚರಿ ಬರೆಯುವುದು ಹಳೆಯ ಚಟ. ನೆನಪು ಹೇಳುವುದೂ ದಿನಚರಿ ಹೇಳುವುದೂ ಬೇರೆಯಾದಾಗ ದಿನಚರಿಯನ್ನೇ ನಂಬುತ್ತೇನೆ ಎಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ಆದರೆ ಒಂದು ದಿನದ ವಿಷಯದಲ್ಲಿ ದಿನಚರಿಯನ್ನು ತೆರೆದೇ ನೋಡಿರಲಿಲ್ಲ. ಒಂದು ಲ್ಯಾಪ್‌ಟಾಪಿನಲ್ಲಿ ನಾನು ಹಾಕಿದ ಒಂದು ಅಂಕಿಯಿಂದ ಇಬ್ಬರು ಹೆಂಗಸರು ಕಾಲುವೆ ನೀರಿನಲ್ಲಿ ಸಾಯುವುದರಲ್ಲಿದ್ದರು. ಆ ಅಂಕಿ ಅರವತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

ಅದನ್ನು ಹೇಳುವ ಮೊದಲು ಶಹಾಪುರದ ಮಾಸ್ತರರ ಸಂಗತಿ ಹೇಳಬೇಕು, ಯಾಕೆಂದರೆ ಆ ಪಾಠ ನನಗೆ ಮೊದಲೇ ಆಗಿತ್ತು.

ಅವರ ಮನೆ ಹತ್ತಿ ಮಿಲ್ಲಿನ ಹಿಂದಿನ ಓಣಿಯಲ್ಲಿ. ಶಾಲೆಯ ಕೆಲಸಕ್ಕೆಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡು ಬಾಗಿಲು ಹಾಕಿಕೊಂಡು ಕಾರು ಓಡಿಸುವ ಆಟ ಆಡುತ್ತಿದ್ದರು. ಹೆಂಡತಿಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದರು. ಆಟದ ನಡುವೆ ಪರದೆಯ ತುಂಬ ಬಣ್ಣದ ಚೌಕಗಳು ಎದ್ದು, ಕಪ್ಪಾಗಿ, ಎರಡು ಕ್ಷಣದ ಮೇಲೆ ಮರಳಿ ಬರುತ್ತಿತ್ತು. ಮೂಲೆಯಲ್ಲಿ ಒಂದು ಸಾಲು: ಡಿಸ್‌ಪ್ಲೇ ಡ್ರೈವರ್ ನಿಂತಿತ್ತು, ಈಗ ಚೇತರಿಸಿಕೊಂಡಿದೆ.

ಈ ಯಂತ್ರಗಳಲ್ಲಿ ಚಿತ್ರ ಬರೆಯುವ ಚಿಪ್‌ಗಳು ಎರಡು. ಸಣ್ಣದು ಅಕ್ಷರ, ಗಡಿಯಾರ, ಮೌಸಿನ ಬಾಣ ಇಂಥವನ್ನು ನೋಡಿಕೊಳ್ಳುತ್ತದೆ. ದೊಡ್ಡದು ಆಟ, ವಿಡಿಯೊ ಮುಂತಾದ ಭಾರದ ಕೆಲಸವನ್ನು. ಆ ಚಿಪ್ಪಿಗೂ ಉಳಿದ ಯಂತ್ರಕ್ಕೂ ನಡುವೆ ದುಭಾಷಿಯಾಗಿ ನಿಂತ ಪ್ರೋಗ್ರಾಮೇ ಡ್ರೈವರ್. ಸಾಲಿನಲ್ಲಿ ಡ್ರೈವರ್ ಎಂದಿತ್ತಲ್ಲ, ನಾನು ಡ್ರೈವರನ್ನೇ ಹಿಡಿದುಕೊಂಡೆ. ಯಂತ್ರವನ್ನು ತೀರ ಅಗತ್ಯದ ಪ್ರೋಗ್ರಾಮುಗಳಿಂದಷ್ಟೇ ಎಬ್ಬಿಸುವ ಸೇಫ್ ಮೋಡಿಗೆ ಹೋಗಿ ಹಳೆಯದನ್ನು ಬೇರುಸಹಿತ ತೆಗೆದೆ, ಹೊಸದನ್ನು ಹಾಕಿದೆ, ಅದೂ ನಿಂತಿತು; ಇನ್ನೂ ಹಳೆಯದನ್ನು ಹುಡುಕಿ ಹಾಕಿದೆ. ಮೂರನೆಯ ದಿನ ಮಾಸ್ತರರ ಹೆಂಡತಿ ಮೊರದಲ್ಲಿ ಜೋಳ ಹಸನು ಮಾಡುತ್ತಾ ಹೇಳಿದರು:

"ಅಕ್ಕಾರ, ಮೂರ್ ದಿನಾತು ಅದರ ತಲಿ ತೊಳಿಯಾಕತ್ತೀರಿ. ಮೂಗಿನ್ಯಾಗ ಹತ್ತಿ ಹೊಕ್ಕದ, ಅದನ್ನ ನೋಡೀರೇನು? ಇವ್ರು ಕಾರ್ ಓಡ್ಸೂಮುಂದ ಅದು ಹಂದಿ ಉಸ್ರಾಡಿದಂಗ ಉಸ್ರಾಡ್ತದ."

ಮಾಸ್ತರರ ಮುಖ ಕೆಂಪಾಯಿತು. ಕೆಳಗಿನ ಮುಚ್ಚಳ ಬಿಚ್ಚಿದೆ. ಫ್ಯಾನಿನ ಹಿಂದೆ ಮಿಲ್ಲಿನ ಹತ್ತಿಯ ಎಳೆ ಕೂತು ಕೂತು ಕಂಬಳಿಯ ತುಂಡಿನಷ್ಟು ಗಟ್ಟಿಯಾಗಿತ್ತು. ಚಿಪ್ ಬೇಯುತ್ತಿತ್ತು, ಬೆಂದಾಗ ಡ್ರೈವರ್ ಕೈ ಚೆಲ್ಲುತ್ತಿತ್ತು. 'ಡ್ರೈವರ್ ನಿಂತಿತು ಅಂದರೆ ಯಾಕೆ ನಿಂತಿತು ಎಂದು ಕೇಳು' ಎಂದು ದಿನಚರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಎರಡು ವರ್ಷದ ಮೇಲೆ ಆ ಎರಡೂ ಗೆರೆ ದಾಟಿದವಳು ನಾನೇ.

ಹುಣಸಗಿಯಿಂದ ಸುರಪುರದ ಕಡೆ ಬರುವಾಗ ಒಂದು ಕಾಲುವೆಯ ಗೇಟು, ಅದರ ಪಕ್ಕ ಒಂದು ಕೋಣೆ. ಯಾವ ಗೇಟು ಎಂದು ಬರೆಯುವುದಿಲ್ಲ. ಅಲ್ಲಿ ನೀರು ಬಿಡುವ, ನಿಲ್ಲಿಸುವ ಕೆಲಸವನ್ನು ಒಂದು ಖಾಸಗಿ ತಂಡ ಗುತ್ತಿಗೆ ಹಿಡಿದಿತ್ತು. ಕಾಲುವೆಗೆ ಸರದಿಯಿದೆ: ಕೆಲವು ದಿನ ನೀರು ಚಾಲೂ, ಕೆಲವು ದಿನ ಬಂದ್. ಬಂದ್ ಆದಾಗ ಗೇಟಿನ ಕೆಳಗಿನ ಗುಂಡಿಯಲ್ಲಿ ಸೊಂಟದಷ್ಟು ನೀರು ಉಳಿಯುತ್ತದೆ, ಅದರಲ್ಲಿ ಮೀನು ಉಳಿಯುತ್ತದೆ. ಹೊಳೆ ದಂಡೆಯ ಮನೆಗಳ ಹೆಂಗಸರು ಹಳೆಯ ಸೀರೆಯ ಎರಡು ತುದಿ ಹಿಡಿದು ಗುಂಡಿಯನ್ನು ಗೋರಿ ಮೀನು ಹಿಡಿಯುತ್ತಾರೆ. ಆದ್ದರಿಂದ ನೀರು ಬಿಡುವ ಮುಂಚೆ ಗೇಟಿನ ಮಾನಪ್ಪ ಸೀಟಿ ಊದುತ್ತಾ, ತಗಡಿನ ಡಬ್ಬಿ ಬಡಿಯುತ್ತಾ ಸೈಕಲ್ ಮೇಲೆ ದಂಡೆಗುಂಟ ಎರಡು ಮೈಲಿ ಹೋಗಿ ಬರುತ್ತಿದ್ದ. ಇದಕ್ಕೆ 'ಸುತ್ತ ಹೊಡಿಯೂದು' ಎನ್ನುತ್ತಿದ್ದರು. ಅವನು ಮರಳಿ ಬಂದು ಸೈಕಲ್ ಗೋಡೆಗೆ ಆನಿಸುವ ತನಕ ಗೇಟು ಏಳುವಂತಿರಲಿಲ್ಲ.

ಮುಂದೆ ಆರು ಕ್ಯಾಮೆರಾ ಬಂದವು. ಗೇಟು ಎತ್ತಲು ಗೋಡೆಯ ಮೇಲೆ ಬಟನ್‌ಗಳ ಪೆಟ್ಟಿಗೆ ಬಂತು. ಆರು ಚಿತ್ರಗಳನ್ನು ಒಟ್ಟಿಗೆ ತೋರಿಸಲು ಭಾರಿ ಗ್ರಾಫಿಕ್ಸ್ ಬೇಕೆಂದು, ಕೀಲಿಗಳ ಕೆಳಗೆ ಕೆಂಪು ದೀಪ ಉರಿಯುವ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಬಂತು. ಸೈರನ್ ಇನ್ನೂ ಬರಬೇಕಿತ್ತು. ಅಲ್ಲಿನ ಮೇಲಧಿಕಾರಿ ವಿಠ್ಠಲರಾವ್ ಸಾಹೇಬರು ಮಾನಪ್ಪನಿಗೆ ಹೇಳಿದರು: "ಇನ್ನ ಸೈಕಲ್ ತುಳಿಯೂದು ಸಾಕೋ. ಕುಂತಲ್ಲೇ ಕಾಣ್ತದ." ಒಳ್ಳೆಯ ಮನುಷ್ಯ. ನಾನು ಹೋದಾಗಲೆಲ್ಲ ಮೊದಲು ಚಹಾ, ಆಮೇಲೆ ಕೆಲಸ. ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು.

ಆ ಲ್ಯಾಪ್‌ಟಾಪಿಗೂ ಮಾಸ್ತರರ ಯಂತ್ರದ ರೋಗವೇ. ದಿನಕ್ಕೊಮ್ಮೆಯೋ ಎರಡು ಸಲವೋ ಕ್ಯಾಮೆರಾ ಚಿತ್ರಗಳೆಲ್ಲ ಕಪ್ಪಾಗಿ ಮರಳಿ ಬರುತ್ತಿದ್ದವು. ಫ್ಯಾನ್ ತೆಗೆದು ನೋಡಿದೆ, ಸ್ವಚ್ಛವಿತ್ತು. ತಾನಾಗಿ ಬಂದು ಕೂತಿದ್ದ ಹೊಸ ಡ್ರೈವರ್ ತೆಗೆದು, ಲ್ಯಾಪ್‌ಟಾಪ್ ತಯಾರಿಸಿದವರೇ ಕೊಟ್ಟದ್ದನ್ನು ಹಾಕಿದೆ. ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ.

"ಅಕ್ಕಾರ, ಇದು ನನಗ ಕಣ್ಣ್ ಹೊಡಿತದಲ್ರಿ" ಎಂದರು ಸಾಹೇಬರು. "ನನಗ ಹೊಡದ್ರ ನಡೀತದ. ಮುಂದಿನ ವಾರ ಮ್ಯಾಲಿನವ್ರು ನೋಡಾಕ ಬರಾಕತ್ತಾರ. ಅವ್ರಿಗೂ ಕಣ್ಣ್ ಹೊಡದ್ರ?"

ಬಾಗಿಲಲ್ಲಿ ಕೂತಿದ್ದ ಮಾನಪ್ಪ, "ಅವ್ರೂ ತಿರುಗಿ ಹೊಡೀತಾರ ಬಿಡ್ರಿ ಸಾಹೇಬ್ರ" ಎಂದ. ಎಲ್ಲರೂ ನಕ್ಕೆವು.

ನಾನು ಮಾಡಿದ್ದನ್ನು ಹುಡುಗಿಯರು ಗಮನವಿಟ್ಟು ಓದಬೇಕು. ದೊಡ್ಡ ಚಿಪ್ ಎರಡು ಸೆಕೆಂಡು ಉತ್ತರ ಕೊಡದಿದ್ದರೆ ಯಂತ್ರ ಅದನ್ನು ತಟ್ಟಿ ಎಬ್ಬಿಸುತ್ತದೆ. ಪರದೆ ಕಪ್ಪಾಗುವುದು ಆ ಏಟಿನಿಂದ. ಎಷ್ಟು ಸೆಕೆಂಡು ಕಾಯಬೇಕೆಂಬ ಅಂಕಿ ರಿಜಿಸ್ಟ್ರಿಯಲ್ಲಿ, ಅಂದರೆ ಯಂತ್ರ ತನ್ನ ಕಟ್ಟಳೆಗಳನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿ, ಇದೆ, ಅದನ್ನು ಹೆಚ್ಚಿಸಬಹುದು. ಆಟ ಆಡುವವರು ಒಬ್ಬರಿಗೊಬ್ಬರು ಹೇಳಿಕೊಡುವ ಉಪಾಯ ಇದು. ಅದನ್ನು ನಾನು ಹೆಚ್ಚಿಸಿದೆ. ಪರದೆ ಕಪ್ಪಾಗುವುದು ನಿಂತಿತು. ಆರು ಕ್ಯಾಮೆರಾ ಚಿತ್ರಗಳ ಮೂಲೆಯ ಗಡಿಯಾರಗಳು ಒಂದೊಂದು ಹೊತ್ತು ತೋರಿಸುತ್ತಿದ್ದುದರಿಂದ, ಬಂದವರು ಪ್ರಶ್ನೆ ಕೇಳಬಾರದೆಂದು ಅವನ್ನೂ ಅಡಗಿಸಿದೆ. ಮೇಲಿನವರು ಬಂದರು, ನೋಡಿದರು, ಮೆಚ್ಚಿದರು. ಚಿಪ್ ನಿಲ್ಲುವುದು ಮಾತ್ರ ನಿಂತಿರಲಿಲ್ಲ. ಅದು ನಿಂತದ್ದು ಯಾರಿಗೂ ತಿಳಿಯದಂತೆ ಮಾಡಿದ್ದೆ, ಅಷ್ಟೇ.

ಎರಡು ಸರದಿ ಸುರಳೀತ ಕಳೆದವು. ಮೂರನೆಯ ಸರದಿಗೆ ನೀರು ಬಿಡುವ ದಿನ ನಾನು ಪ್ರಿಂಟರ್ ನೋಡಲು ಹೋಗಿದ್ದೆ. ಬೆಳಗಿನ ಹನ್ನೊಂದು ಗಂಟೆ ಎಂದು ನೆನಪು. ದಿನಚರಿಯಲ್ಲಿ 'ಹತ್ತೂವರೆ' ಎಂದಿದೆ. ಪರದೆಯ ಮೇಲೆ ಗೇಟಿನ ಕೆಳಗಿನ ಚಿತ್ರ: ಕಾಂಕ್ರೀಟಿನ ನೆಲ, ಹಸಿರು ಗುಂಡಿ, ಅದರ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಂತ ಒಂದು ಬೆಳ್ಳಕ್ಕಿ. ಮನುಷ್ಯರ ಸುಳಿವಿಲ್ಲ.

"ಯಾರೂ ಇಲ್ಲ" ಎಂದು ಸಾಹೇಬರು ಮೌಸ್ ಆಡಿಸಿದರು. ಬಾಣ ಓಡಾಡಿತು. ಪರದೆಯ ಕೆಳಗೆ ಲ್ಯಾಪ್‌ಟಾಪಿನದೇ ಗಡಿಯಾರ ನಡೆಯುತ್ತಿತ್ತು. ಅವೆರಡನ್ನೂ ಬರೆಯುವುದು ಸಣ್ಣ ಚಿಪ್ ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದುದು ನನಗೊಬ್ಬಳಿಗೆ. ನಾನು ಪ್ರಿಂಟರಿನೊಳಗೆ ಕೈ ಹಾಕಿ ಕೂತಿದ್ದೆ.

ಸಾಹೇಬರು ಬಟನ್ ಒತ್ತಿದರು. ಮೋಟರ್ ಗುರುಗುಟ್ಟಿತು.

ಬಾಗಿಲಲ್ಲಿದ್ದ ಮಾನಪ್ಪ ಪರದೆಯನ್ನೇ ನೋಡುತ್ತಿದ್ದ. "ಅಕ್ಕಾರ, ಆ ಬೆಳ್ಳಕ್ಕಿ ಯಾಕ ಅಲುಗಾಡವಲ್ದು?"

"ಬೆಳ್ಳಕ್ಕಿ ಅಂದ್ರ ನಿಂದ್ರೂದ ಅದರ ದಂಧೆ" ಎಂದರು ಸಾಹೇಬರು. "ನಿನ್ನಂಗ."

"ಅಲ್ರಿ. ನೀರ್ ಬಿದ್ದ ಸಪ್ಪಳ ಕೇಳಾಕತ್ತದ. ಅದರ ಕಾಲ ಯಾಕ ತೊಯ್ಯವಲ್ದು?"

ಈ ಮಾತು ನನ್ನ ಕಿವಿಗೆ ಬಿದ್ದದ್ದಕ್ಕೂ ನಾನು ಎದ್ದದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತೋ ಹೇಳಲಾರೆ. ಕಿಟಕಿಯಿಂದ ನೀರಿನ ಭೋರ್ಗರೆತ ಬರುತ್ತಿತ್ತು. ಪರದೆಯ ಮೇಲೆ ನೆಲ ಒಣಗಿತ್ತು, ಗುಂಡಿ ತಣ್ಣಗಿತ್ತು, ಹಕ್ಕಿ ನಿಂತಿತ್ತು: ಚಿಪ್ ನಿಂತ ಗಳಿಗೆಯ ಹಳೆಯ ಚಿತ್ರ. ಪ್ರಿಂಟರಿನ ಮುಚ್ಚಳ ಕೆಳಗೆ ಬಿತ್ತು. "ಇಳಸ್ರಿ! ಗೇಟ್ ಇಳಸ್ರಿ!" ಎಂದು ಕೂಗಿದವಳು ನಾನೋ ಮಾನಪ್ಪನೋ ಇವತ್ತಿಗೂ ಖಚಿತವಿಲ್ಲ. ಅವನು ಅಷ್ಟರಲ್ಲಿ ಹೊರಗೆ ಓಡಿದ್ದ.

ದಂಡೆಗೆ ಬಂದಾಗ ಗುಂಡಿ ಇರಲಿಲ್ಲ, ಕೆಂಪು ನೀರು ಸುತ್ತುತ್ತಿತ್ತು. ಗೋಡೆಗೆ ಹೊಡೆದ ಕಬ್ಬಿಣದ ಮೆಟ್ಟಿಲಿಗೆ ಒಬ್ಬ ಹೆಂಗಸು ಎರಡೂ ಕೈಯಿಂದ ಜೋತುಬಿದ್ದಿದ್ದಳು. ಹೆಸರು ಅಂಬವ್ವ ಎಂದು ಆಮೇಲೆ ತಿಳಿಯಿತು. ಎದೆಯವರೆಗೆ ನೀರು. ಅವಳು ನನ್ನನ್ನು ನೋಡಲಿಲ್ಲ, ಕೆಳಗಡೆಯೇ ನೋಡುತ್ತಾ ಒಂದೇ ಸಮನೆ ಕೂಗುತ್ತಿದ್ದಳು: "ದೇವಮ್ಮಾ! ಏ ದೇವಮ್ಮಾ!" ದೇವಮ್ಮ ಅವಳ ನೆಗೆಣ್ಣಿ, ಮೈದುನನ ಹೆಂಡತಿ. ಸೀರೆಯ ಇನ್ನೊಂದು ತುದಿ ಹಿಡಿದವಳು.

ನಾನು ಅಂಬವ್ವನ ರಟ್ಟೆ ಹಿಡಿದು ಮಂಡಿಯೂರಿ ಕೂತೆ. ಎಳೆಯುವ ಶಕ್ತಿ ನನಗಿರಲಿಲ್ಲ, ಬಿಡುವ ಧೈರ್ಯವೂ ಇರಲಿಲ್ಲ. ಗೇಟು ಇಳಿಯುವ ಮೋಟರಿನ ಸದ್ದು ಬರುತ್ತಿತ್ತು, ನೀರು ಇಳಿಯುತ್ತಿರಲಿಲ್ಲ. ಒಮ್ಮೆ ಬಿಟ್ಟ ನೀರು ಗೇಟು ಮುಚ್ಚಿದರೂ ತನ್ನ ದಾರಿ ಹೋಗಿಯೇ ಹೋಗುತ್ತದೆ. ಮಾನಪ್ಪ ದಂಡೆಗುಂಟ ಓಡುತ್ತಾ ಸಣ್ಣವನಾಗುತ್ತಿದ್ದ. ಅವನು ಮುಂದಿನ ಸೇತುವೆಯ ಹತ್ತಿರ ಕೆಳಗೆ ಜಾರಿದ್ದನ್ನು ಕಂಡೆ. ಆಮೇಲೆ ಏನೂ ಕಾಣಲಿಲ್ಲ. ಆ ಕಾಣದ ಹೊತ್ತು ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ಉದ್ದವಾದದ್ದು.

ದೇವಮ್ಮ ಬದುಕಿದಳು. ಸೇತುವೆಯ ಕಂಬಕ್ಕೆ ಸಿಕ್ಕಿದ್ದ ಜಾಲಿ ಕಂಟಿಯನ್ನು ತಬ್ಬಿಕೊಂಡಿದ್ದಳು. ಮಾನಪ್ಪ ಅವಳ ಸೀರೆ ಹಿಡಿದು ಎಳೆದು ತಂದ. ಅಂಗೈ, ತೋಳು, ಕೆನ್ನೆ ತುಂಬ ಮುಳ್ಳು. ಎಡಗೈ ಮುರಿದಿತ್ತು. ದಂಡೆಯ ಮೇಲೆ ಕೂತು ನಡುಗುತ್ತಾ ಮೊದಲು ಆಡಿದ ಮಾತು: "ಅರ್ಧ ಪುಟ್ಟಿ ಆಗಿದ್ವು ಮೀನ. ಎಲ್ಲಾ ಹ್ವಾದ್ವು."

ನಾನು ಕೋಣೆಗೆ ಮರಳಿದಾಗ ಪರದೆ ಆಗಲೇ ಕಪ್ಪಾಗಿ ಮರಳಿ ಬಂದಿತ್ತು, ಮೂಲೆಯಲ್ಲಿ ಅದೇ ಸಾಲು. ಡಿಸ್‌ಪ್ಲೇ ಡ್ರೈವರ್ ನಿಂತಿತ್ತು, ಈಗ ಚೇತರಿಸಿಕೊಂಡಿದೆ. ಚಿತ್ರದಲ್ಲಿ ಈಗ ನೀರಿತ್ತು, ಬೆಳ್ಳಕ್ಕಿ ಇರಲಿಲ್ಲ. ಯಾರಿಗೂ ಹೇಳದೆ ಕೂತು ಆ ಅಂಕಿಯನ್ನು ತೆಗೆದು ಎರಡಕ್ಕೆ ತಂದೆ.

ಮರುದಿನ ಮೇಲಿನವರು ವಿವರಣೆ ಕೇಳಿದರು. ಸಾಹೇಬರು ತಲೆ ಹಿಡಿದುಕೊಂಡು, "ಮಾನಪ್ಪ ಸುತ್ತ ಹೊಡೀಬೇಕಿತ್ತು" ಎಂದರು. ಬೇಡವೆಂದವರು ತಾವೇ ಎಂಬುದು ಅವರಿಗೆ ಮರೆತಿತ್ತೋ, ಮರೆತಂತೆ ಇದ್ದರೋ ತಿಳಿಯದು. ಮಾನಪ್ಪನಿಗೆ ಬರೆಯಲು ಬಾರದು. ತಪ್ಪೊಪ್ಪಿಗೆಯನ್ನು ಅದೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದವಳು ನಾನು: 'ನೀರು ಬಿಡುವ ಮೊದಲು ದಂಡೆಯನ್ನು ಪರಿಶೀಲಿಸದೆ ಇದ್ದುದು ನನ್ನ ತಪ್ಪು.' ಓದಿ ಹೇಳಿದೆ. ಅವನು ಹೆಬ್ಬೆಟ್ಟು ಒತ್ತಿದ. ಅವನನ್ನು ದೂರದ ಇನ್ನೊಂದು ಗೇಟಿಗೆ ಹಾಕಿದರು. ಹೋಗುವ ಮುಂಚೆ ದೇವಮ್ಮನ ಹರಿದ ಸೀರೆಯ ತುಂಡೊಂದನ್ನು ತಂದು ಗೇಟಿನ ಕೆಳಗಿನ ಕ್ಯಾಮೆರಾದ ಎದುರು ಒಂದು ಸರಳಿಗೆ ಕಟ್ಟಿದ.

"ಬೆಳ್ಳಕ್ಕಿನ ನಂಬಬಾರದ್ರಿ ಅಕ್ಕಾರ" ಎಂದ. "ಬಟ್ಟಿ ಒಂದ ಕಡಿ ನಿಂದ್ರಂಗಿಲ್ಲ. ಅದು ನಿಂತದ ಅಂದ್ರ ಚಿತ್ರ ಸತ್ತದ ಅಂತ ತಿಳೀರಿ."

ನಾನು ಕಲಿತ ಎಂ.ಎಸ್ಸಿ.ಗೆ ಅದು ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ನೆನಪು ಒಂದು ಕಥೆ ಕಟ್ಟಿಕೊಂಡಿತು. ಅಂಕಿ ಅರವತ್ತು. ಅರವತ್ತು ಸೆಕೆಂಡು ಚಿತ್ರ ಹೆಪ್ಪುಗಟ್ಟಿತ್ತು, ಸರಿಯಾಗಿ ಆ ಒಂದು ನಿಮಿಷದಲ್ಲೇ ಹೆಂಗಸರು ಇಳಿದರು, ಅದೇ ನಿಮಿಷದಲ್ಲಿ ಸಾಹೇಬರು ಬಟನ್ ಒತ್ತಿದರು. ಗ್ರಹಚಾರ. ದೇವಮ್ಮನ ಅರ್ಧ ಪುಟ್ಟಿ ಮೀನಿನ ಮಾತು ಮನಸ್ಸಿಗೆ ಬಂದಾಗಲೆಲ್ಲ ಬೇರೆ ಏನಾದರೂ ಯೋಚಿಸುತ್ತಿದ್ದೆ. ಒಂದು ನಿಮಿಷದಲ್ಲಿ ಅರ್ಧ ಬುಟ್ಟಿ ಮೀನು ಯಾರು ಹಿಡಿಯುತ್ತಾರೆ?

ಹುಡುಗಿಯರು ಹೋದ ಮೇಲೆ, ಬರೆಯುವುದಾದರೆ ಸರಿಯಾಗಿ ಬರೆಯೋಣವೆಂದು ಆ ವರ್ಷದ ದಿನಚರಿ ತೆಗೆದೆ. ಎರಡು ದಿನದ ಎರಡು ಸಾಲುಗಳಿದ್ದವು, ನನ್ನದೇ ಅಕ್ಷರ.

'ಅರವತ್ತು ಹಾಕಿದೆ. ಸರಿಯಾದಂತಿದೆ.'

'ಇವತ್ತು ಮತ್ತೆ ಕಪ್ಪಾಯಿತು. ಅದಕ್ಕೂ ಮೊದಲು ಒಂದು ನಿಮಿಷ ಚಿತ್ರ ನಿಂತೇ ಇತ್ತು, ಯಾರೂ ಗಮನಿಸಲಿಲ್ಲ. ಆರುನೂರು ಹಾಕಿದೆ.'

ಆರುನೂರು ಅಂದರೆ ಹತ್ತು ನಿಮಿಷ. ಅರವತ್ತೇ ಇದ್ದಿದ್ದರೆ ಸಾಹೇಬರು ಬಟನ್ ಒತ್ತುವ ಮುಂಚೆಯೇ ಪರದೆ ಕಪ್ಪಾಗಿ ಬಂದು ಆ ಇಬ್ಬರನ್ನೂ ತೋರಿಸುತ್ತಿತ್ತು. ಮತ್ತು ನನಗೆ ಗೊತ್ತಿತ್ತು. 'ಯಾರೂ ಗಮನಿಸಲಿಲ್ಲ' ಎಂದು ಬರೆದಿದ್ದೇನೆ. ಅದನ್ನು ಭಯದಿಂದ ಬರೆದೆನೋ ಸಮಾಧಾನದಿಂದ ಬರೆದೆನೋ ಎಂದು ಆ ಸಾಲನ್ನು ಎಷ್ಟು ಸಲ ಓದಿದರೂ ತಿಳಿಯುತ್ತಿಲ್ಲ.

ದಿನಚರಿ ಚೀಲದಲ್ಲಿ ಹಾಕಿಕೊಂಡು ಹುಣಸಗಿಗೆ ಹೋದೆ. ಮಾನಪ್ಪನೂ ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾನೆ, ಒಂದು ಕಣ್ಣು ಮಂಜಾಗಿದೆ. ಎರಡೂ ಸಾಲು ಓದಿ ಹೇಳಿದೆ. ತಪ್ಪು ನಿನ್ನದಲ್ಲ, ನನ್ನದಿತ್ತು ಎಂದೆ.

"ಅವತ್ತೂ ನೀವ ಓದಿ ಹೇಳಿದ್ರಿ" ಎಂದ. "ಇವತ್ತೂ ನೀವ ಓದಾಕತ್ತೀರಿ. ಎರಡರಾಗ ಯಾವುದು ಖರೆ ಅಂತ ನಾ ಹ್ಯಾಂಗ ತಿಳೀಲ್ರಿ?"

ಅವನ ಸೊಸೆ ಚಹಾ ತಂದಿಟ್ಟಳು. ಅವನು ತಟ್ಟೆಗೆ ಸುರಿದುಕೊಂಡು ಕುಡಿದು, ನಾನು ಏಳುವಾಗ ಕೇಳಿದ: "ಆ ಬಟ್ಟಿ ಇನ್ನಾ ಅದ ಏನ್ರಿ ಅಲ್ಲಿ?"

ನಿವೃತ್ತಿಗೆ ಮುಂಚೆಯೇ ಆ ಗೇಟಿನ ಕೆಲಸ ನನ್ನ ಕೈ ತಪ್ಪಿತ್ತು. ಗೊತ್ತಿಲ್ಲ ಎಂದೆ.

"ನೋಡ್ಕೊಂಡ್ ಬರ್ರಿ" ಎಂದ.

ನೀರು ಬಿಡುವ ದಿನ ಯಾವುದೆಂದು ಕೇಳಿಕೊಂಡು ಹೋದೆ. ಕೋಣೆ ಅದೇ. ಯಂತ್ರ ಹೊಸದು, ಗೇಮಿಂಗ್ ಲ್ಯಾಪ್‌ಟಾಪೇ, ಕೀಲಿಗಳ ಕೆಳಗೆ ಈಗ ನೀಲಿ ದೀಪ. ಗೇಟು ನೋಡಿಕೊಳ್ಳುವವನು ನಲವತ್ತು ದಾಟಿದ ಶರಣಪ್ಪ. ಹಳಬಳೆಂದು ಹೇಳಿ ಒಪ್ಪಿಗೆ ಪಡೆದು ಮೊದಲು ಆ ಅಂಕಿ ನೋಡಿದೆ. ಎರಡೇ ಇತ್ತು, ಯಾರೂ ಮುಟ್ಟಿರಲಿಲ್ಲ. ಸೈರನ್ನೂ ಬಂದಿತ್ತು, ಸಿಡಿಲು ಬಡಿದು ಸುಟ್ಟಿದೆ, ರಿಪೇರಿಗೆ ಹೋಗಿದೆ ಎಂದ. ಪರದೆಯಲ್ಲಿ ಗೇಟಿನ ಕೆಳಗಿನ ಗುಂಡಿ ಸ್ವಚ್ಛವಾಗಿ ಕಾಣುತ್ತಿತ್ತು. ಬಟ್ಟೆ ಇರಲಿಲ್ಲ.

"ಇಲ್ಲೊಂದ್ ಬಟ್ಟಿ ಕಟ್ಟಿದ್ರಲ್ಲ?"

"ಇನ್ನಾ ಅದ ಅಲ್ರಿ!" ಎಂದ ಉತ್ಸಾಹದಿಂದ. "ಗಂಗಮ್ಮನ ಹರಕಿ ಬಟ್ಟಿ. ಮೊದಲಿನವ್ರು ಕಟ್ಟಿದ್ರು. ಹರದಾಗೊಮ್ಮೆ ಹೊಸಾದು ಕಟ್ತೀವ್ರಿ, ಒಮ್ಮೀನೂ ತಪ್ಸಿಲ್ಲ. ಈ ಸರ್ತಿ ನಮ್ಮ ಮನ್ಯಾಕಿ ಹಸರ ಖಣ ಕೊಟ್ಟಾಳ. ಬರ್ರಿ, ತೋರಸ್ತೀನಿ."

ಹೊರಗೆ ಕರೆದುಕೊಂಡು ಹೋಗಿ ತೋರಿಸಿದ. ಕ್ಯಾಮೆರಾದ ಕಂಬದ ಹಿಂಬದಿಗೆ, ಕ್ಯಾಮೆರಾಕ್ಕೆ ಬೆನ್ನಾಗಿ, ಅರಿಸಿನ ಹಚ್ಚಿದ ಹಸಿರು ಖಣ ಗಾಳಿಗೆ ಪಟಪಟ ಹಾರುತ್ತಿತ್ತು.

"ಹಿಂದ್ಯಾಕ ಕಟ್ಟೀಯಪ್ಪಾ?"

"ಮುಂದಿದ್ರ ಚಿತ್ರಕ್ಕ ಅಡ್ಡ ಬರ್ತದಂತ್ರಿ, ಈಗಿನ ಸಾಹೇಬ್ರು ಬೈದ್ರು. ದೇವ್ರ ಬಟ್ಟಿ ಬಿಚ್ಚಿ ಒಗ್ಯಾಕ ಬರಂಗಿಲ್ಲ. ಅದಕ್ಕ ಈ ಕಡಿ ಕಟ್ಟೀನಿ."

ಅವನ ಭುಜ ಹಿಡಿದು ದಂಡೆಯ ಅಂಚಿಗೆ ಹೋಗಿ ಕೆಳಗೆ ನೋಡಿದೆ. ಗುಂಡಿಯಲ್ಲಿ ಯಾರೂ ಇರಲಿಲ್ಲ. ಕಾಂಕ್ರೀಟಿನ ಮೇಲೆ ಕಬ್ಬಿಣದ ಮೆಟ್ಟಿಲಿನವರೆಗೆ, ಈಗಷ್ಟೇ ಯಾರೋ ಗುಂಡಿಯಿಂದ ಎದ್ದು ಹೋದ ಒದ್ದೆ ಹೆಜ್ಜೆಗಳಿದ್ದವು, ಬಿಸಿಲಿಗೆ ಒಂದೊಂದಾಗಿ ಆರುತ್ತಿದ್ದವು. ಶರಣಪ್ಪನೂ ನೋಡಿದ.

ಖಣ ಬಿಚ್ಚಿಕೊಂಡು ಬಂದು ಕ್ಯಾಮೆರಾದ ಮುಂದಿನ ಸರಳಿಗೆ ನಾನೇ ಕಟ್ಟಿದೆ. ಅದು ಯಾತಕ್ಕೆ ಎಂದು ಹೇಳಿದೆ: ದೇವಮ್ಮನ ಸೀರೆ, ಮಾನಪ್ಪ, ಬೆಳ್ಳಕ್ಕಿ, ಅರವತ್ತು, ಆರುನೂರು, ಎಲ್ಲ. ಅವನು ಬಟ್ಟೆಯ ಗಂಟು ಎಳೆದು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ:

"ಗಾಳಿ ಇಲ್ಲದ ದಿನಾ ಏನ್ ಮಾಡೂದ್ರಿ ಅಕ್ಕಾರ?"

"ಈಗ ಎದ್ದು ಬಂದು ನೋಡಿದ್ವಲ್ಲ," ಎಂದೆ, "ಹಂಗ."